ಓದಿ ಹೇಳುವ ಯಂತ್ರ ಮತ್ತು ಕುಶಾಲಪ್ಪನವರ ಮೇಜು

ಆಟಿ ತಿಂಗಳ ಜಡಿಮಳೆಯಲ್ಲಿ ಬಟ್ಟೆಯ ಬೀರುವಿಗೆ ಬೂಷ್ಟು ಹಿಡಿಯದಂತೆ ಒಳಗೊಂದು ಸಣ್ಣ ಬಲ್ಬು ಉರಿಸಿಡುವುದು ನಮ್ಮ ಕಡೆಯ ರೂಢಿ. ಮೊನ್ನೆ ಕಬಕದ ನನ್ನ ಮನೆಯಲ್ಲಿ ಹಾಗೆ ಉರಿಸಿ, ಸರಿಯಾಗಿ ಒಂದು ಗಂಟೆಯ ಬಳಿಕ ಬಾಗಿಲು ತೆರೆದೆ. ಬಿಸಿಯಾದ ಧೂಳು, ನುಸಿಗುಳಿಗೆ, ಅರ್ಧ ಒಣಗಿದ ಕಾಗದ ಮೂರೂ ಸೇರಿದ ವಾಸನೆ ಮುಖಕ್ಕೆ ಬಡಿಯಿತು. ಕಡಬದ ಗ್ರಂಥಾಲಯದ ಹಿಂದಿನ ಕೋಣೆ ನೆನಪಾಯಿತು. ಅಲ್ಲಿಯೂ ಮೂರು ಕಂಪ್ಯೂಟರುಗಳನ್ನು ಮರದ ಕಪಾಟಿನೊಳಗಿಟ್ಟು ಬಲ್ಬು ಉರಿಸುತ್ತಿದ್ದೆವು. ನಾನು ಅಲ್ಲಿ ಕಲಿಸಿದ್ದು ಒಂದೇ ಒಂದು ಮಳೆಗಾಲ, ಜುಲೈಯಿಂದ ದೀಪಾವಳಿಯವರೆಗೆ.

ಪುತ್ತೂರಿನಲ್ಲಿ ಮೂವತ್ತೊಂದು ವರ್ಷ ಟೈಪ್‌ರೈಟಿಂಗ್ ಇನ್‌ಸ್ಟಿಟ್ಯೂಟ್ ನಡೆಸಿದವಳು ನಾನು. ಬೆಳಗ್ಗೆ ಆರೂವರೆಗೆ ಮೊದಲ ಬ್ಯಾಚು. ಆರು ಮೂವತ್ತೈದಕ್ಕೆ ಬಾಗಿಲು ಹಾಕುತ್ತಿದ್ದೆ. ಬೆನ್ನು ನೆಟ್ಟಗಿರಬೇಕು, ಕೈ ನೋಡಬಾರದು, ಮಾತಾಡಬಾರದು. ಯಂತ್ರದ ಸದ್ದು ಬಿಟ್ಟು ಬೇರೆ ಸದ್ದು ನನ್ನ ಕೋಣೆಯಲ್ಲಿ ಇರಲಿಲ್ಲ. ಕೈ ನೋಡುವವರ ಬೆರಳುಗಳ ಮೇಲೆ ಒಂದು ತುಂಡು ಬಟ್ಟೆ ಹೊದಿಸುತ್ತಿದ್ದೆ. ಕಂಪ್ಯೂಟರು ಬಂತು, ಇನ್‌ಸ್ಟಿಟ್ಯೂಟು ಮುಚ್ಚಿತು. ದುಃಖಪಡುತ್ತಾ ಕೂರಲಿಲ್ಲ. ಕಂಪ್ಯೂಟರು ಕಲಿತೆ. ಅರವತ್ತೇಳನೆಯ ವಯಸ್ಸಿನಲ್ಲಿ ಕನ್ನಡದ ಹಳೆಯ ಕೀಲಿಮಣೆಯನ್ನು ಬೆರಳುಗಳಿಂದ ಮರೆಸಿ ಕಂಪ್ಯೂಟರಿನ ಕಗಪ ಕೀಲಿವಿನ್ಯಾಸವನ್ನು ಕೂರಿಸುವುದಕ್ಕೆ ನನಗೆ ಹಿಡಿದದ್ದು ನಲ್ವತ್ತು ದಿನ, ದಿನಕ್ಕೆ ಎರಡು ಗಂಟೆ.

ಕಡಬದ ಗ್ರಂಥಾಲಯದ ಮೇಲ್ವಿಚಾರಕಿ ಝುಬೈದಾ ಒಂದು ಕಾಲದಲ್ಲಿ ನನ್ನ ಆರೂವರೆ ಬ್ಯಾಚಿನವಳು. ಅವಳೇ ಫೋನು ಮಾಡಿದ್ದು.

"ಟೀಚರ್, ಯಾರೋ ಮೂರು ಹಳೇ ಕಂಪ್ಯೂಟರ್ ಕೊಟ್ಟಿದ್ದಾರೆ. ಆನ್ ಮಾಡಿ ಚಾ ಕುಡಿದು ಬಂದ್ರೂ ಇನ್ನೂ ತಿರುಗ್ತಾ ಇರ್ತದೆ. ಗುಜರಿಗೆ ಕೊಡುದಾ?"

"ನಾಡಿದ್ದು ಬುಧವಾರ ಬರ್ತೇನೆ. ಅಲ್ಲಿವರೆಗೆ ಮುಟ್ಟಬೇಡ."

ಕಬಕದಿಂದ ಪುತ್ತೂರು, ಅಲ್ಲಿಂದ ಏಳು ಇಪ್ಪತ್ತರ ಬಸ್ಸಿನಲ್ಲಿ ಕಡಬ. ಮೊದಲ ದಿನ ಒಂದು ಪೆಟ್ಟಿಗೆ ಬಿಚ್ಚಿದಾಗ ಒಳಗೆ ಇರುವೆಗಳು ಮೊಟ್ಟೆ ಸಮೇತ ಸಂಸಾರ ಹೂಡಿದ್ದವು. ಅವನ್ನು ಕುಂಚದಿಂದ ಗುಡಿಸಿ ತೆಗೆದು, ಮೂರರಲ್ಲೂ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ ಹಾಕಿದೆವು. ಅದನ್ನು ಯಾರು ಬೇಕಾದರೂ ಧರ್ಮಕ್ಕೆ ಇಳಿಸಿಕೊಳ್ಳಬಹುದು, ಇನ್ನೊಬ್ಬರಿಗೆ ಹಂಚಬಹುದು. ಹಳೆಯ ಯಂತ್ರಕ್ಕೆ ಅದರಲ್ಲಿಯೇ ಹಗುರವಾದ ಒಂದು ಬಗೆ ಇದೆ. ಗುಜರಿಗೆ ಹೊರಟಿದ್ದ ಕಂಪ್ಯೂಟರು ಒಂದು ನಿಮಿಷದೊಳಗೆ ತೆರೆದುಕೊಂಡಾಗ ಝುಬೈದಾ ಅದನ್ನು ಎರಡು ಸಲ ಆರಿಸಿ ಹಚ್ಚಿ ನೋಡಿದಳು.

ಸೋಮವಾರ, ಬುಧವಾರ, ಶುಕ್ರವಾರ ತರಗತಿ. ಹೊಲಿಗೆಯವರು, ಅಂಗನವಾಡಿಯವರು, ನಿವೃತ್ತ ಮೇಷ್ಟ್ರು ಒಬ್ಬರು. ಕಡತಕ್ಕೆ ಹೆಸರಿಡುವುದು ಹೇಗೆ ಎಂಬಲ್ಲಿಂದ ಶುರುಮಾಡಿದೆ. ಮೇಷ್ಟ್ರ ಪೆನ್‌ಡ್ರೈವಿನಲ್ಲಿ "ಹೊಸದು", "ಹೊಸದು ಎರಡು", "ಇದೇ ಹೊಸದು" ಎಂಬ ಹೆಸರಿನವೇ ಹನ್ನೊಂದಿದ್ದವು. ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ಪರದೆಗೆ ಅಂಟಿಸಬಾರದು, ಮುಖ್ಯವಾದದ್ದು ಎರಡು ಕಡೆ ಇರಬೇಕು, ಪತ್ರ ಬರೆಯಲಿಕ್ಕೆ ಕದ್ದ ತಂತ್ರಾಂಶ ಬೇಡ, ಧರ್ಮಕ್ಕೇ ಸಿಗುವ ಲಿಬ್ರೆ ಆಫೀಸ್ ಧಾರಾಳ ಸಾಕು. ಇಂಥವನ್ನು ದಿನಕ್ಕೊಂದರಂತೆ ಹೇಳುತ್ತಿದ್ದೆ. ಒಂದಕ್ಕಿಂತ ಹೆಚ್ಚು ಹೇಳಿದರೆ ಯಾವುದೂ ಉಳಿಯುವುದಿಲ್ಲ.

ಎರಡನೆಯ ವಾರ ಕುಶಾಲಪ್ಪನವರು ಬಂದರು.

ತಾಲೂಕು ಕಚೇರಿಯ ಬಳಿಯ ಕಟ್ಟಡವೊಂದರ ಜಗಲಿಯಲ್ಲಿ ಅವರ ಮೇಜು. ಇಪ್ಪತ್ತಾರು ವರ್ಷಗಳಿಂದ, ಮೊದಲು ಸುಳ್ಯದಲ್ಲಿ, ಆಮೇಲೆ ಇಲ್ಲಿ, ಜನರಿಗೆ ಅರ್ಜಿ ಬರೆದುಕೊಡುವುದು ಅವರ ಕಸುಬು. ಬಂದವರು ತುಳುವಿನಲ್ಲಿ ಹೇಳಲಿ, ಅರೆಭಾಷೆಯಲ್ಲಿ ಹೇಳಲಿ, ಮಲಯಾಳದಲ್ಲಿ ಅಳಲಿ, ಅವರ ಕೈಯಿಂದ ಇಳಿಯುತ್ತಿದ್ದುದು ಒಪ್ಪವಾದ ಕನ್ನಡ. ವಯಸ್ಸು ಐವತ್ತೆಂಟು. ಎರಡು ವರ್ಷಗಳಿಂದ ಕಣ್ಣು ಮಬ್ಬಾಗುತ್ತಾ ಬಂದು, ಆ ಬೇಸಿಗೆಯಲ್ಲಿ ಅಕ್ಷರ ಪೂರ್ತಿ ಅಳಿಸಿಹೋಗಿತ್ತು. ಹೋದದ್ದು ಹಿಂದೆ ಬರುವುದಿಲ್ಲ ಎಂದು ಮಂಗಳೂರಿನ ವೈದ್ಯರು ಹೇಳಿದ್ದರು. ಬೆಳಕು ಕತ್ತಲೆ ಗೊತ್ತಾಗುತ್ತಿತ್ತು, ಅಷ್ಟೇ.

"ರೈಗಳು ನನ್ನ ಮೇಜು ದೀಪಾವಳಿವರೆಗೆ ಅಂತ ಹೇಳಿದ್ದಾರೆ ಟೀಚರೇ" ಎಂದರು. ರೈಗಳೆಂದರೆ ಆ ಕಟ್ಟಡದ ಯಜಮಾನರು. "ಝೆರಾಕ್ಸಿನವರು ಜಾಗ ಕೇಳ್ತಾ ಇದ್ದಾರೆ. ಬರೆಯದವನ ಮೇಜು ಎಷ್ಟು ದಿನ ಇಟ್ಟುಕೊಳ್ಳುದು? ಅವರದ್ದು ತಪ್ಪಲ್ಲ. ಕಣ್ಣು ಬೇಡದ ಟೈಪಿಂಗ್ ಉಂಟಂತೆ, ಹೌದಾ?"

ಕಣ್ಣು ಬೇಡದ ಟೈಪಿಂಗ್. ನಾನು ಮೂವತ್ತೊಂದು ವರ್ಷ ಕಲಿಸಿದ್ದು ಅದನ್ನೇ. ಎರಡು ಬೆರಳಿನಲ್ಲಿ ಕುಟ್ಟುವ ಈಗಿನವರಿಗೆ ಅದು ಬೇಡವಾಗಿತ್ತು, ಬೇಕಾದವರೊಬ್ಬರು ಕೊಡೆ ಮಡಚುತ್ತಾ ನನ್ನೆದುರು ನಿಂತಿದ್ದರು. ದಿನಕ್ಕೆ ಎರಡು ಗಂಟೆ, ತಪ್ಪಿಸುವಂತಿಲ್ಲ ಎಂದೆ. ಅವರಿಗಾಗಿ ಮಂಗಳವಾರ, ಗುರುವಾರವೂ ಬಸ್ಸು ಹತ್ತಿದೆ.

ಮೊದಲ ದಿನ ಅವರ ಬೆರಳುಗಳನ್ನು ಸ್ಥಾನಕ್ಕೆ ಕೂರಿಸಿ, ಅಭ್ಯಾಸಬಲದಿಂದ ಕೈಯ ಮೇಲೆ ಬಟ್ಟೆ ಹೊದಿಸಿದೆ.

ಅವರು ಬಟ್ಟೆಯ ಅಂಚನ್ನು ಹೆಬ್ಬೆರಳಿನಿಂದ ತಡವಿ ಕೇಳಿದರು, "ಇದೆಂತ ಟೀಚರೇ?"

"ಕೈ ನೋಡಬಾರದು, ಅದಕ್ಕೆ."

"ದೇವರು ಒಮ್ಮೆ ಹಾಕಿ ಆಗಿದೆ. ಮೇಲಿಂದ ನಿಮ್ಮದೂ ಬೇಕಾ?"

ಕಪಾಟಿನ ಹಿಂದೆ ಝುಬೈದಾ ನಗು ತಡೆಯಲಾರದೆ ಕೆಮ್ಮಿದಳು. ಬಟ್ಟೆ ಮಡಚಿ ಚೀಲಕ್ಕೆ ಹಾಕಿದೆ.

ಕೀಲಿಮಣೆಯ ನಡುಸಾಲಿನಲ್ಲಿ ಎರಡು ಕೀಲಿಗಳ ಮೇಲೆ ಸಣ್ಣ ಗೀಟಿನಂಥ ಉಬ್ಬು ಇರುತ್ತದೆ. ನೋಡಿಕೊಂಡು ಹೊಡೆಯುವವರಿಗೆ ಅದು ಯಾಕಿದೆಯೆಂದೇ ಗೊತ್ತಿಲ್ಲ. ಕುಶಾಲಪ್ಪನವರ ತೋರುಬೆರಳುಗಳು ಅಲ್ಲಿಂದ ಹೊರಟು ಅಲ್ಲಿಗೇ ಬರಲು ಕಲಿತವು. ಉಳಿದ ಮುಖ್ಯ ಕೀಲಿಗಳಿಗೆ ಝುಬೈದಾ ಉಗುರಿನ ಬಣ್ಣದ ಒಂದೊಂದು ದಪ್ಪ ಹನಿ ಇಟ್ಟು ಒಣಗಿಸಿದಳು. ಪರದೆಯಲ್ಲಿರುವುದನ್ನು ಓದಿ ಹೇಳುವ ಓರ್ಕಾ ಎಂಬ ತಂತ್ರಾಂಶ ಲಿನಕ್ಸಿನ ಜೊತೆಗೇ ಬಂದಿತ್ತು. ಅದನ್ನು ಚಾಲೂ ಮಾಡಿ, ಕನ್ನಡ ದನಿಯನ್ನು ಆರಿಸಿದೆವು. ಒತ್ತಿದ ಅಕ್ಷರವನ್ನೂ, ಮುಗಿದ ಪದವನ್ನೂ ಅದು ಹೇಳುತ್ತದೆ.

"ಇವನಿಗೆ ಮೊದಲು ಯಾರಾದ್ರೂ ನೀರು ಕೊಡಿ ಮಾರಾಯ್ರೆ" ಎಂದರು ಕುಶಾಲಪ್ಪನವರು. "ಒಂದೇ ಉಸಿರಿಗೆ ಓದ್ತಾನೆ. ಎಂತ, ಬಸ್ಸು ಹೋಗ್ತದಾ ಇವನದ್ದು?"

ಓದುವ ವೇಗ ತಗ್ಗಿಸಿದೆ. ಆದರೆ ತರಗತಿಯಲ್ಲಿ ಸದ್ದು ನನಗೆ ಸಹಿಸದು. ಇಯರ್‌ಫೋನು ತರಿಸಿ ಅವರ ಕಿವಿಗೆ ಸಿಕ್ಕಿಸಿದೆ. ಕೋಣೆ ಮತ್ತೆ ಮೌನವಾಯಿತು. ಎಷ್ಟು ಚೆನ್ನಾಗಿ ವ್ಯವಸ್ಥೆ ಮಾಡಿದೆನೆಂದು ನನಗೆ ನಾನೇ ಅಂದುಕೊಂಡೆ.

ಆಗಸ್ಟ್ ಕೊನೆಗೆ ಅವರು ನಿಮಿಷಕ್ಕೆ ಹದಿನೆಂಟು ಪದ ಹೊಡೆಯುತ್ತಿದ್ದರು. ನನ್ನ ಹಳೆಯ ಲೆಕ್ಕದಲ್ಲಿ ಅದು ಸಾಧಾರಣ, ಆ ಕಣ್ಣಿಗೆ, ಆ ವಯಸ್ಸಿಗೆ ಅಲ್ಲ. ಸೆಪ್ಟೆಂಬರಿನಲ್ಲಿ ಅರ್ಜಿಗಳ ನಮೂನೆಗಳನ್ನು ಹೊಡೆಯಲು ಕೂತರು. ಹಳೆಯ ಯಂತ್ರಕ್ಕೆ ಭಾರವಾಗದಿರಲಿ ಎಂದು ಅಕ್ಷರ ಹೊಡೆಯಲಿಕ್ಕಷ್ಟೇ ಇರುವ ಸಾದಾ ಕಿಟಕಿಯನ್ನು ತೆರೆದುಕೊಟ್ಟಿದ್ದೆ. ಒಂದು ಗುರುವಾರ ಬೆಳಗಿನಿಂದ ಮಧ್ಯಾಹ್ನದವರೆಗೆ ಮೂರು ನಮೂನೆ ಪೂರ್ತಿಯಾಗಿದ್ದವು. ಬಡಗು ದಿಕ್ಕಿನಲ್ಲಿ ಮೋಡ ಕಟ್ಟಿ ಆ ಕಾಲದ ಮೊದಲ ಗುಡುಗು ಉರುಳಿತು.

ನಮ್ಮೂರಿನಲ್ಲಿ ಗುಡುಗಿದರೆ ಯಾರೂ ಯೋಚಿಸುವುದಿಲ್ಲ. ಕೈ ತಾನಾಗಿ ಪ್ಲಗ್ಗಿನತ್ತ ಹೋಗುತ್ತದೆ. ಟಿವಿ, ಫ್ರಿಜ್ಜು, ಇಂಟರ್‌ನೆಟ್ಟಿನ ಪೆಟ್ಟಿಗೆ, ಯಾವುದಿದ್ದರೂ ಕಿತ್ತು ಹಾಕುವುದು. ಸಿಡಿಲಿಗೆ ಸುಟ್ಟವನ್ನು ಕಂಡು ಕಲಿತ ಪಾಠ. ಝುಬೈದಾ ಹೊರಗಿನಿಂದ ಓಡಿ ಬಂದು ಒಂದೇ ಉಸಿರಿಗೆ ಮೂರೂ ಪ್ಲಗ್ಗುಗಳನ್ನು ಎಳೆದಳು.

ಕುಶಾಲಪ್ಪನವರು ಇನ್ನೂ ಎರಡು ಪದ ಹೊಡೆದರು. ಆಮೇಲೆ ತಲೆ ಓರೆ ಮಾಡಿ, "ಇವ ಯಾಕೆ ಸುಮ್ಮನಾದ?" ಎಂದು ಕೇಳಿದರು.

"ಸೇವ್ ಮಾಡಿದ್ದೀರಲ್ಲ?" ಎಂದಳು ಝುಬೈದಾ.

"ಹಾಗಂದ್ರೆ?"

ಝುಬೈದಾ ನನ್ನತ್ತ ನೋಡಿದಳು. ನಾನು ನೆಲ ನೋಡಿದೆ. ಎರಡು ತಿಂಗಳಲ್ಲಿ ನಾನು ಅವರಿಗೆ ಬೆರಳು ಕಲಿಸಿದ್ದೆ, ಬೆನ್ನು ಕಲಿಸಿದ್ದೆ, ಲಯ ಕಲಿಸಿದ್ದೆ. ಉಳಿಸಿಡುವುದನ್ನು ಕಲಿಸಿರಲಿಲ್ಲ. ಉಳಿದವರಿಗೆಲ್ಲ ಮೊದಲ ವಾರವೇ ಹೇಳಿದ ಪಾಠ ಅದು. ಇವರನ್ನು ಕೂರಿಸಿಕೊಂಡಾಗ ಮಾತ್ರ ನಾನು ಹಳೆಯ ಇನ್‌ಸ್ಟಿಟ್ಯೂಟಿನವಳೇ ಆಗಿಬಿಟ್ಟಿದ್ದೆ. ಟೈಪ್‌ರೈಟರಿನಲ್ಲಿ ಹೊಡೆದದ್ದು ಹೊಡೆದ ಕ್ಷಣವೇ ಕಾಗದದಲ್ಲಿ ಉಳಿಯುತ್ತದೆ. ಆ ನಂಬಿಕೆ ನನ್ನ ಬೆರಳುಗಳಿಂದ ಹೋಗಿರಲಿಲ್ಲ.

ಮರುದಿನ ಅವರು ಬರಲಿಲ್ಲ. ಸೋಮವಾರವೂ ಇಲ್ಲ. ಕಡಬದ ಬಾಡಿಗೆ ಕೋಣೆಗೆ ಬೀಗ ಹಾಕಿ ಮರ್ಕಂಜದ ಅಕ್ಕನ ಮನೆಗೆ ಹೋದರೆಂದು ಝುಬೈದಾ ವಿಚಾರಿಸಿ ತಿಳಿಸಿದಳು. ದೀಪಾವಳಿಗೆ ಐದು ವಾರ ಉಳಿದಿತ್ತು. ತಪ್ಪಿಸಿದ ವಿದ್ಯಾರ್ಥಿಯ ಮನೆಗೆ ನಾನು ಯಾವತ್ತೂ ಹೋದವಳಲ್ಲ, ಮುಚ್ಚಿದ ಬಾಗಿಲನ್ನು ತೆರೆದವಳಲ್ಲ. ಮುಂದಿನ ಗುರುವಾರ ಪುತ್ತೂರಿನಿಂದ ಸುಳ್ಯಕ್ಕೆ, ಸುಳ್ಯದಿಂದ ಮರ್ಕಂಜಕ್ಕೆ ಬಸ್ಸು ಹಿಡಿದೆ.

ಅವರ ಅಕ್ಕ ಬೆಲ್ಲ ನೀರು ಕೊಟ್ಟರು. ಕುಶಾಲಪ್ಪನವರು ಬೂಷ್ಟು ಹಿಡಿಯದಂತೆ ಮತ್ತೆ ಒಣಗಲು ಹರಡಿದ್ದ ಕಾಳುಮೆಣಸಿನ ಚಾಪೆಯ ಪಕ್ಕ ಕೂತು ಕೈಯಿಂದ ಕಡ್ಡಿ ಆರಿಸುತ್ತಿದ್ದರು.

"ತಪ್ಪು ನನ್ನದು" ಎಂದೆ. ಅದನ್ನು ಬಸ್ಸಿನಲ್ಲಿಯೇ ಸಿದ್ಧಮಾಡಿಕೊಂಡಿದ್ದೆ. "ಉಳಿಸುವುದನ್ನು ಹೇಳಿಕೊಡದೆ ಹೊಡೆಯುವುದನ್ನು ಕಲಿಸಿದೆ."

"ಛೆ, ಅದಕ್ಕಲ್ಲ ಟೀಚರೇ. ಆ ಮೂರು ಅರ್ಜಿ ನನ್ನ ತಲೆಯಲ್ಲಿ ಉಂಟು. ಇನ್ನೊಮ್ಮೆ ಹೊಡೆದ್ರೆ ಆಯ್ತು."

"ಮತ್ತೆ ಯಾಕೆ ಬರಲಿಲ್ಲ?"

ಅವರು ಕಡ್ಡಿ ಆರಿಸುವುದನ್ನು ನಿಲ್ಲಿಸಿದರು. "ಬರೆಯುದು ನನ್ನ ಕೆಲಸದಲ್ಲಿ ಅರ್ಧ. ಬರೆದದ್ದನ್ನು ಅವರ ಎದುರು ಓದಿ ಹೇಳ್ಬೇಕು. ಕೇಳಿ ಹೌದು ಅಂತ ಹೇಳಿದ ಮೇಲೆ ಹೆಬ್ಬೆಟ್ಟು. ಓದಿ ಹೇಳದೆ ಒಂದು ಹೆಬ್ಬೆಟ್ಟು ಹಾಕಿಸಿದವ ನಾನಲ್ಲ. ಆವತ್ತು ಕರೆಂಟು ಹೋದಾಗ ಇವ ಸುಮ್ಮನಾದ್ನಲ್ಲ, ಆಗ ಹೊಳೆಯಿತು. ಕಾಗದ ಕೈಗೆ ಬಂದ ಮೇಲೆ ನಾನೂ ಹಾಗೆಯೇ. ಅದರಲ್ಲಿ ಎಂತ ಉಂಟು ಅಂತ ಓದುದು ಯಾರು?"

"ಕಿವಿಯಲ್ಲಿ ಅದು ಹೇಳುತ್ತದಲ್ಲ. ಕೇಳಿಕೊಂಡು ನೀವು ಹೇಳಿ."

"ಅದು ನನ್ನ ಬಾಯಿಮಾತು ಆಯ್ತು. ಕಾಗದ ಓದಿದ ಹಾಗೆ ಆಗುದಿಲ್ಲ. ಕಣ್ಣು ಕಾಣದವ ಬಾಯಿಗೆ ಬಂದದ್ದು ಹೇಳಿ ಹೆಬ್ಬೆಟ್ಟು ಒತ್ತಿಸಿದ ಅಂತ ನಾಳೆ ಒಬ್ಬ ಹೇಳಿದ್ರೆ, ನನ್ನ ಇಪ್ಪತ್ತಾರು ವರ್ಷ ಎಲ್ಲಿ ಹೋಯ್ತು?"

ಅಕ್ಕ ಒಳಗಿನಿಂದಲೇ ಹೇಳಿದರು, "ಹಾಗಾದ್ರೆ ಆ ಓದುವವನನ್ನೇ ಓದ್ಲಿಕ್ಕೆ ಹೇಳಿ. ಅವನಿಗೆ ಬಾಯಿ ಇಲ್ಲವಾ?"

ಬಾಯಿ ಇತ್ತು. ಅದನ್ನು ಇಯರ್‌ಫೋನಿನಿಂದ ಮುಚ್ಚಿದವಳು ನಾನು. ತರಗತಿಯಲ್ಲಿ ಸದ್ದು ಕೂಡದು ಎಂಬ ಒಂದೇ ಕಾರಣಕ್ಕೆ. ತಂತಿ ಕಿತ್ತರೆ ಯಂತ್ರ ಇಡೀ ಕೋಣೆಗೆ ಕೇಳುವಂತೆ ಓದುತ್ತದೆ. ಬರೆದವರ ಪಕ್ಷವೂ ಇಲ್ಲದೆ, ಕೇಳುವವರ ಪಕ್ಷವೂ ಇಲ್ಲದೆ, ಏನಿದೆಯೋ ಅದನ್ನೇ ಓದುತ್ತದೆ. ಅದನ್ನು ಅವರಿಗೆ ವಿವರಿಸಿದೆ.

"ಅದು ಓದಿದ್ದು ಜನರಿಗೆ ಅರ್ಥ ಆಗ್ತದಾ?" ಎಂದರು.

"ನನಗೆ ಗೊತ್ತಿಲ್ಲ. ನೋಡಬೇಕು. ನಾಳೆ ಎಂಟೂಮುಕ್ಕಾಲಿಗೆ."

"ಒಂಬತ್ತಕ್ಕಲ್ಲವಾ?"

"ಒಂದು ವಾರ ತಪ್ಪಿಸಿದ್ದೀರಿ. ಕಾಲು ಗಂಟೆ ಹೆಚ್ಚು."

ಅವರು ನಕ್ಕದ್ದು ಕಂಡ ಮೇಲೆ ಎದ್ದೆ.

ಉಳಿದ ವಾರಗಳಲ್ಲಿ ಎಲ್ಲವನ್ನೂ ಬದಲಾಯಿಸಿದೆವು. ಸಾದಾ ಕಿಟಕಿ ಬಿಟ್ಟು ಲಿಬ್ರೆ ಆಫೀಸಿಗೆ ಬಂದೆವು. ಪ್ರತಿ ಎರಡು ನಿಮಿಷಕ್ಕೊಮ್ಮೆ ಅದೇ ಉಳಿಸಿಕೊಳ್ಳುವಂತೆ ಹೊಂದಿಸಿದೆವು. ಆದರೂ ಕೈಯಿಂದ ಉಳಿಸುವುದನ್ನು ಬಿಡಬಾರದು ಎಂದೆ. ನಮೂನೆಗಳಿಗೆ ಹೆಸರಿನ ಮೊದಲು ಅಂಕಿ: ಒಂದು ರಸ್ತೆ, ಎರಡು ನೀರು, ಮೂರು ಹೆಸರು ತಿದ್ದುಪಡಿ. ಅಂಕಿ ಕೇಳಿಸಿದ ಕೂಡಲೇ ಅವರಿಗೆ ಕಡತ ಗೊತ್ತಾಗುತ್ತಿತ್ತು. ಕೀಲಿಮಣೆಯ ಬಲ ಕೊನೆಯಲ್ಲಿ ಕೂಡಿಸುವ ಚಿಹ್ನೆಯ ಕೀಲಿಯೊಂದಿದೆ, ಅದನ್ನು ಒತ್ತಿದರೆ ಓರ್ಕಾ ಮೇಲಿನಿಂದ ಕೆಳಗಿನವರೆಗೆ ಓದುತ್ತದೆ. ಝುಬೈದಾಳ ಅಣ್ಣನ ಮನೆಯಲ್ಲಿ ಅಟ್ಟಕ್ಕೆ ಹಾಕಿದ್ದ ಲ್ಯಾಪ್‌ಟಾಪ್ ಒಂದನ್ನು ತಂದು ಅದಕ್ಕೂ ಲಿನಕ್ಸ್ ಹಾಕಿದೆವು. ಅದರಲ್ಲಿ ಆ ಬಲಬದಿಯ ಕೀಲಿಗಳು ಇರಲಿಲ್ಲವಾದ್ದರಿಂದ ಗ್ರಂಥಾಲಯದ ಹಳೆಯ ಕೀಲಿಮಣೆಯನ್ನೇ ಜೋಡಿಸಿದೆವು. ನನ್ನ ತರಗತಿ ಸಂತೆಯಂತಾಯಿತು. ಹೊಲಿಗೆಯವರು ಒಂದು ಕಡೆ, ಅರ್ಜಿ ಓದುವ ಯಂತ್ರ ಒಂದು ಕಡೆ. ನಾನು ಹಲ್ಲು ಕಚ್ಚಿ ಸಹಿಸಿದೆ. ಮೂರು ದಿನದಲ್ಲಿ ಅಭ್ಯಾಸವಾಯಿತು.

ಹಬ್ಬಕ್ಕೆ ಆರು ದಿನವಿರುವಾಗ ರೈಗಳು ಗ್ರಂಥಾಲಯಕ್ಕೆ ಬಂದರು. ಬಿಳಿ ಅಂಗಿ, ಮಾತು ಕಡಿಮೆ. ಅವರೊಡನೆ ಹೊಳೆಯಾಚೆಯ ಕಮಲಕ್ಕ ಎಂಬ ಎಪ್ಪತ್ತರ ಹೆಂಗಸು.

"ಇವರಿಗೆ ಅರ್ಜಿ ಆಗ್ಬೇಕಂತೆ. ಕುಶಾಲಪ್ಪಣ್ಣನೇ ಬೇಕಂತ ಜಗಲಿಯಲ್ಲಿ ಕೂತಿದ್ರು, ಕರ್ಕೊಂಡು ಬಂದೆ" ಎಂದು ರೈಗಳು ಬೆಂಚಿನಲ್ಲಿ ಕೂತರು. "ಬರೀರಿ. ನಾನೂ ನೋಡ್ತೇನೆ."

ಏನು ನೋಡಲು ಬಂದಿದ್ದಾರೆಂದು ಎಲ್ಲರಿಗೂ ಗೊತ್ತಿತ್ತು. ಕುಶಾಲಪ್ಪನವರು ಎಡ ಕಿವಿಗೆ ಮಾತ್ರ ಇಯರ್‌ಫೋನು ಸಿಕ್ಕಿಸಿ, ಬಲ ಕಿವಿಯನ್ನು ಕಮಲಕ್ಕನತ್ತ ತಿರುಗಿಸಿದರು.

ಕಮಲಕ್ಕ ತುಳುವಿನಲ್ಲಿ ಹೇಳತೊಡಗಿದರು. ಮಳೆಗೆ ಉಕ್ಕುವ ತೋಡಿಗೆ ಕಾಲುಸಂಕ ಬೇಕು, ನಡೆದು ದಾಟುವ ಸಣ್ಣ ಸೇತುವೆ. ಈಗ ಇರುವುದು ಎರಡು ಅಡಿಕೆ ಮರ ಅಡ್ಡ ಹಾಕಿದ ಪಾಲ. ಮಳೆ ಬಂದರೆ ಜಾರುತ್ತದೆ. ಅಲ್ಲಿಂದ ಅವರ ದಾರಿ ಮೊಮ್ಮಗಳ ಜ್ವರಕ್ಕೆ ಹೋಯಿತು, ನೆರೆಮನೆಯವನ ಹಸುವಿಗೆ ಹೋಯಿತು, ತೀರಿಕೊಂಡ ಗಂಡನಿಗೆ ಹೋಗಿ ಮತ್ತೆ ಸಂಕಕ್ಕೆ ಬಂತು. ಕುಶಾಲಪ್ಪನವರ ಬೆರಳುಗಳು ಒಂದು ನಮೂನೆಯನ್ನು ತೆರೆದು ನಡೆದವು, ನಿಂತವು, ನಡೆದವು. ಹಸುವಿನ ಸುದ್ದಿಗೆ ಅವು ಅಲುಗಲಿಲ್ಲ. ರೈಗಳು ಅವರ ಕೈಯನ್ನೇ ನೋಡುತ್ತಿದ್ದರು. ಇಪ್ಪತ್ತು ನಿಮಿಷವಾಯಿತು. ಗಡಿಯಾರ ನೋಡಿದವಳು ನಾನೊಬ್ಬಳೇ.

"ಓದಿ ಹೇಳ್ಬೇಕು ಕಮಲಕ್ಕ" ಎಂದು ಕುಶಾಲಪ್ಪನವರು ಇಯರ್‌ಫೋನಿನ ಇನ್ನೊಂದು ಕುಡಿಯನ್ನು ಚಾಚಿದರು. "ನನಗೆ ಕಾಣುದಿಲ್ಲ, ಈ ಯಂತ್ರ ಓದ್ತದೆ. ಇದನ್ನು ಕಿವಿಗೆ ಇಡಿ. ನಿಮಗೆ ಮಾತ್ರ ಕೇಳ್ತದೆ."

"ಕಿವಿಗೆ ಎಂತದೂ ಸಿಕ್ಕಿಸುದು ಬೇಡ. ಜೋರಾಗಿ ಓದಲಿ. ಸಂಕ ಎಂತ ನನಗೊಬ್ಬಳಿಗಾ?"

ಅವರು ತಂತಿ ಕಿತ್ತರು, ಬಲ ಕೊನೆಯ ಕೀಲಿ ಒತ್ತಿದರು. ಯಂತ್ರ ತನ್ನ ಏರಿಳಿತವಿಲ್ಲದ ದನಿಯಲ್ಲಿ ಆರಂಭಿಸಿತು. ಪತ್ರಿಕೆ ಓದುತ್ತಿದ್ದ ಇಬ್ಬರು ಮುಂದಿನ ಕೋಣೆಯಿಂದ ಬಂದು ಬಾಗಿಲಲ್ಲಿ ನಿಂತರು. ಕಮಲಕ್ಕ ಕಣ್ಣು ಮುಚ್ಚಿ ಕೇಳಿದರು.

"ಇವ ಯಾವ ಊರಿನವ?"

"ಊರು ಇಲ್ಲದವ" ಎಂದರು ಕುಶಾಲಪ್ಪನವರು.

"ಪಾಪ, ಅದಕ್ಕೇ ಮಾತು ಹಾಗೆ." ಮತ್ತೆ ಕೇಳಿದರು. ಓದು ಮುಗಿಯಿತು. ಅವರು ಹೆಬ್ಬೆಟ್ಟು ಚಾಚಲಿಲ್ಲ. "ಎಲ್ಲ ಸರಿ ಉಂಟು. ಒಂದು ಬರಲಿಲ್ಲ. ನೀರು ಏರಿದ್ರೆ ಮಕ್ಕಳು ವಾರಗಟ್ಟಲೆ ಶಾಲೆಗೆ ಹೋಗುದಿಲ್ಲ ಅಂತ ಹೇಳಿದೆನಲ್ಲ. ಅದೆಲ್ಲಿ?"

ಕಮಲಕ್ಕ ಅದನ್ನು ಹೇಳಿದ್ದನ್ನು ನಾನು ಕೇಳಿದ್ದೆ, ಮೊಮ್ಮಗಳ ಜ್ವರದ ನಡುವೆ. ಕುಶಾಲಪ್ಪನವರ ಒಂದು ಕಿವಿ ಆಗ ಯಂತ್ರಕ್ಕೆ ಹೋಗಿತ್ತು. ರೈಗಳ ಎದುರಿನಲ್ಲಿ, ಈ ಒಂದು ಅರ್ಜಿಯಲ್ಲಿ, ಅದೇ ಬಿಟ್ಟುಹೋಗಬೇಕೇ ಎಂದು ರೈಗಳತ್ತ ನೋಡಿದೆ.

ಕುಶಾಲಪ್ಪನವರ ಮುಖ ಮಾತ್ರ ಅರಳಿತ್ತು. "ಸಿಕ್ಕಿತಲ್ಲ" ಎಂದರು. "ಓದಿ ಹೇಳುದು ಇದಕ್ಕೇ ಕಮಲಕ್ಕ." ಬೆರಳುಗಳು ಸಾಲು ಹುಡುಕಿ ಇಳಿದವು, ಒಂದು ವಾಕ್ಯ ಸೇರಿತು, ಉಳಿಸಿದರು. ಯಂತ್ರ ಮತ್ತೆ ಮೊದಲಿನಿಂದ ಓದಿತು. ಮಕ್ಕಳ ವಾಕ್ಯ ಬಂದಾಗ ಕಮಲಕ್ಕ, "ಹಾಂ, ಈಗ ಆಯ್ತು" ಎಂದು ಸೆರಗಿನಿಂದ ಹೆಬ್ಬೆರಳು ಒರೆಸಿಕೊಂಡರು.

ಗ್ರಂಥಾಲಯದ ಪ್ರಿಂಟರಿನಿಂದ ಕಾಗದ ಹೊರಬಂತು. ರೈಗಳು ಅದನ್ನು ಎತ್ತಿ ಮೇಲಿನಿಂದ ಕೆಳಗಿನವರೆಗೆ ನಿಧಾನವಾಗಿ ಓದಿದರು. ಕಮಲಕ್ಕ ಒತ್ತಿದ ಹೆಬ್ಬೆಟ್ಟಿನ ಕೆಳಗೆ ಕುಶಾಲಪ್ಪನವರು ತಮ್ಮ ಪದ್ಧತಿಯಂತೆ ಪೆನ್ನಿನಿಂದ ಸಹಿ ಹಾಕಿದರು. ಸಾಲು ಸ್ವಲ್ಪ ಮೇಲಕ್ಕೆ ಹತ್ತಿತ್ತು, ಅಕ್ಷರ ಗಟ್ಟಿಯಾಗಿತ್ತು.

"ಕುಶಾಲಪ್ಪಣ್ಣ" ಎಂದರು ರೈಗಳು. "ನಿಮ್ಮ ಮೇಜನ್ನು ಆ ಜಾಗದಿಂದ ತೆಗೀಬೇಕಾಗ್ತದೆ."

ಝುಬೈದಾ ನನ್ನ ಮೊಣಕೈ ಹಿಡಿದಳು. ಕುಶಾಲಪ್ಪನವರ ತೋರುಬೆರಳುಗಳು ಪೆನ್ನು ಬಿಟ್ಟು ಕೀಲಿಮಣೆಯ ಆ ಎರಡು ಉಬ್ಬುಗಳಿಗೆ ಮರಳಿದವು.

"ಜಗಲಿಯಲ್ಲಿ ಕರೆಂಟಿಲ್ಲ" ಎಂದರು ರೈಗಳು, ಕೊಡೆ ಬಿಚ್ಚುತ್ತಾ. "ಒಳಗೆ ಕಿಟಕಿ ಬದಿಗೆ ಬನ್ನಿ, ಪ್ಲಗ್ ಪಾಯಿಂಟ್ ಉಂಟು. ಝೆರಾಕ್ಸಿನವರು ಪಕ್ಕದಲ್ಲಿ ಕೂರಲಿ. ನೀವು ಬರೆದದ್ದನ್ನು ಪ್ರಿಂಟ್ ತೆಗೀಲಿಕ್ಕೆ ಜನ ಬೇಕಲ್ಲ."